ನೀರು ತಾಗಿದ ಕಲ್ಲು

ತಾರ್ನಾಕ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಲ್ಯಾಬಿನಲ್ಲಿ ಕಲ್ಲು ಕೊಯ್ಯುವ ಹುಲಗೇಶ, ಅದನ್ನು ಪರೀಕ್ಷಿಸುವ ದಾನೇಶ್ವರಿ. ಅವಳ ತೊಡೆಯ ಮೇಲಿನ ಚೀಲದಲ್ಲಿ ಕರಿ ಚೂರುಗಳು.

“ಶಾಬಾದಿ ಕಲ್ಲಿನಂಗ ನೀರು ಬಿಟ್ಟು ಕೊಯ್ದೆನ್ರಿ ಅಕ್ಕಾರ. ಪುಡಿಪುಡಿ ಆತು.”

“ಶೇಲ್ ಅದು ಅಣ್ಣಾ, ಪದರಗಲ್ಲು. ನೀರು ತಾಗಿದ್ರ ಪದರ ಬಿಚ್ಚತೈತಿ. ಒಳಗ ಗ್ಯಾಸ್ ಎಷ್ಟು ಹಿಡಿತೈತಿ ಅಂತ ಈಗ ಹೆಂಗ ಅಳೀಲಿ?”

“ಇನ್ನೊಂದು ತುಂಡು ಇಲ್ಲೇನ್ರಿ?”

“ಎರಡು ಕಿಲೋಮೀಟರ್ ಆಳ ಕೊರದು ತಗದದ್ದು. ಇದ್ದದ್ದು ಅದೊಂದ. ಮೂರು ವರ್ಷ ಅದರ ಜೋಡಿನ ಕಳದೀನಿ.”

“ಊರಿಗೆ ಫೋನ್ ಹಚ್ಚಿ ಹೇಳಿದ್ರೇನ್ರಿ?”

“ಕಲ್ಲು ಒಡೀತಂತ ನಾ ಅತ್ತರ ಮನ್ಯಾಗ ನಗ್ತಾರ.”

“ಲ್ಯಾಬಿನ ಸಾಹೇಬ್ರಿಗೆ ನನ್ನ ಹೆಸರ ಹೇಳ್ರಿ.”

“ನಿಮ್ಮನ್ನ ಕೆಲಸದಿಂದ ತಗೀತಾರ. ಎಣ್ಣಿ ಹಾಕಿ ಕೊಯ್ರಿ ಅಂತ ಹೇಳೂದು ನಾನ ಮರೆತಿದ್ದೆ. ಹಂಗಂತನ ಹೋಗಿ ಹೇಳ್ತೀನಿ.”

“ನಾನೂ ಬರ್ತೀನ್ರಿ.”

“ಬ್ಯಾಡ. ನಿಮ್ಮ ಬಸ್ ಬಂತು, ಹತ್ರಿ.”

ಹುಲಗೇಶ ಹತ್ತಿದ. ಅವಳು ಚೀಲ ಎದೆಗವಚಿಕೊಂಡು ಲ್ಯಾಬಿನ ಕಡೆಗೆ ಒಬ್ಬಳೇ ನಡೆದಳು.