ಬಣ್ಣ ಹೇಳಿ

ಇದು ನಮ್ಮ ಪಕ್ಕದ ಮನೆಯ ಇಬುಕಾನಿಗೆ ಆದದ್ದು. ಅರ್ಧ ಅವನೇ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ. ಉಳಿದರ್ಧ ನಾನೇ ನೋಡಿದ್ದು. ದೀಪ ಸ್ವಲ್ಪ ಸಣ್ಣದು ಮಾಡಿ.

ಇಬುಕಾ ಪೇಟೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಶನಿವಾರ ಅವನದು ಸಂಜೆ ಪಾಳಿ. ಕೊನೆಯ ಬಸ್ಸು ಸೇತುವೆಯ ಹತ್ತಿರ ಇಳಿಸಿ ಹೋಗುತ್ತದೆ. ಅಲ್ಲಿಂದ ಮನೆಗೆ ಇಪ್ಪತ್ತು ನಿಮಿಷದ ನಡಿಗೆ. ಮೊದಲು ಗದ್ದೆಯ ಬದು. ಆಮೇಲೆ ದೊಡ್ಡ ಕರ್ಪೂರದ ಮರ, ಮರದ ಕೆಳಗೆ ಬಾವಿ, ಬಾವಿಯ ಹಿಂದೆ ಕುರಾತಾನ ಕುಲುಮೆ.

ಕುರಾತಾ ಕತ್ತಿ ಮಾಡುತ್ತಿದ್ದ ಕಮ್ಮಾರ. ಇದು ಶುರುವಾದ ನವೆಂಬರಿನಲ್ಲಿ ಅವನು ಬದುಕಿರಲಿಲ್ಲ. ನಲವತ್ತೊಂಬತ್ತನೇ ದಿನದ ಕಾರ್ಯ ಹಿಂದಿನ ವಾರವಷ್ಟೇ ಮುಗಿದಿತ್ತು. ಕುಲುಮೆಗೆ ಬೀಗ ಬಿದ್ದಿತ್ತು. ಕಾದ ಅಲಗು ಅದ್ದುವ ತೊಟ್ಟಿಯ ನೀರನ್ನು ಹೆಂಡತಿಯೇ ಹೊರಗೆ ಚೆಲ್ಲಿದ್ದಳು.

ಇಬುಕಾ ಬಾವಿಯ ಹತ್ತಿರ ಬಂದ.

ಗಸ್... ಪಸ್... ಗಸ್... ಪಸ್...

ನಿಂತ. ಗಾಳಿ ಇರಬೇಕು ಅಂದುಕೊಂಡ. ಆದರೆ ಗಾಳಿ ಇಷ್ಟು ಒಂದೇ ಸಮ ಬೀಸುವುದಿಲ್ಲ. ಇದು ಕುಲುಮೆಯ ಬೆಂಕಿಗೆ ಗಾಳಿ ಊದುವ ತಿದಿ. ಎಳೆದಾಗ ಗಸ್, ದೂಡಿದಾಗ ಪಸ್, ನಡುವೆ ಹಲಗೆ ತಾಗುವ ಸಣ್ಣದೊಂದು ಟೊಕ್. ಹನ್ನೊಂದು ವರ್ಷ ಕೇಳಿದ ಸದ್ದು. ತಪ್ಪುವ ಮಾತೇ ಇಲ್ಲ.

ಹಲಗೆಗಳ ಸಂದಿಯಲ್ಲಿ ಕೆಂಪು ಬೆಳಕು. ಬಾಗಿಲಿನ ಬೀಗ ಹಾಕಿದ ಹಾಗೇ ಇತ್ತು.

ಒಳಗಿನಿಂದ ದನಿ ಬಂತು. ಮೆಲ್ಲಗೆ...

"ಇಬುಕಾ ಸಾನ್, ಬಣ್ಣ ಹೇಳಿ."

ಆ ಮಾತನ್ನು ಅವನು ಮೊದಲೊಮ್ಮೆ ಕೇಳಿದ್ದ. ಎಲ್ಲಿ, ಯಾವಾಗ ಅಂತ ಹೇಳಿದರೆ ಉಳಿದದ್ದು ಅರ್ಥವಾಗುತ್ತದೆ.

ಇಬುಕಾನಿಗೆ ಕತ್ತಿ ಕೂಡಿಡುವ ಹುಚ್ಚು. ಹಳೆಯ ಕಾಲದ್ದು ಬೇಡ. ಬದುಕಿರುವ ಕಮ್ಮಾರರು ಮಾಡಿದ್ದು ಮಾತ್ರ ಬೇಕು. "ಮಾಡಿದವರ ಜೊತೆ ಕೂತು ಚಹಾ ಕುಡಿಯೋಕಾಗ್ಬೇಕು" ಅನ್ನುತ್ತಿದ್ದ. ಅವನಲ್ಲಿ ಐದು ಕತ್ತಿ ಇದ್ದವು, ಮೂರು ಕುರಾತಾನವು. ಆರನೆಯದಕ್ಕೆ ನಾಲ್ಕು ವರ್ಷ ಕಾದಿದ್ದ.

ಸೆಪ್ಟೆಂಬರಿನಲ್ಲಿ ಕುರಾತಾ ಕರೆದ. "ಇವತ್ತು ರಾತ್ರಿ ನಿಮ್ಮ ಕತ್ತಿಗೆ ಹದ ಕೊಡ್ತೀನಿ. ಬಂದು ನೋಡಿ. ಎಕ್ಸ್‌ರೇ ಸಾಹೇಬ್ರಿಗೆ ಕತ್ತಲಲ್ಲಿ ಕೆಲಸ ಮಾಡಿ ಅಭ್ಯಾಸ ಇರುತ್ತಲ್ಲ."

ಹದ ಕೊಡುವುದು ರಾತ್ರಿಯೇ. ಅಲಗಿಗೆ ಮಣ್ಣು ಮೆತ್ತಿ ಇದ್ದಿಲಿನ ಬೆಂಕಿಗಿಡಬೇಕು. ಕಾದ ಉಕ್ಕಿನ ಬಣ್ಣ ನೋಡಿ ಒಂದೇ ಏಟಿಗೆ ನೀರಿಗಿಳಿಸಬೇಕು. ಬಣ್ಣ ಕಾಣಬೇಕಾದರೆ ಬೇರೆ ಬೆಳಕು ಚೂರೂ ಇರಕೂಡದು. ಕುರಾತಾ ಕಿಟಕಿಗೆ ಕಂಬಳಿ ಹೊದಿಸಿದ. ಬಾಗಿಲ ಸಂದಿಗೆ ಬಟ್ಟೆ ತುರುಕಿದ. ವರ್ಷಗಟ್ಟಲೆ ಜೊತೆಗಿದ್ದ ಶಿಷ್ಯ ಶೂಜಿ ಆ ವಸಂತದಲ್ಲೇ ಕೆಲಸ ಬಿಟ್ಟು ಕಾರಿನ ಬಿಡಿಭಾಗದ ಕಾರ್ಖಾನೆ ಸೇರಿದ್ದ. ಒಳಗಿದ್ದವರು ಇಬ್ಬರೇ.

ಅಲಗು ಬೆಂಕಿಯಿಂದ ಮೇಲೆದ್ದಿತು. ಕುರಾತಾ ಅದನ್ನು ತಿರುಗಿಸಿ ನೋಡಿದ, ಮತ್ತೆ ಇಟ್ಟ. ಇನ್ನೊಮ್ಮೆ ಎತ್ತಿದ...

ಇಬುಕಾನಿಗೆ ಆಸೆಯಾಯಿತು. ಒಂದೇ ಒಂದು ಫೋಟೋ. ಕತ್ತಿಯ ಗೆಳೆಯರಿಗೆ ತೋರಿಸಲು. ಮೊಬೈಲಿನ ಸದ್ದನ್ನು ಮೊದಲೇ ಅಡಗಿಸಿದ್ದ. ಕತ್ತಲಲ್ಲಿ ಅದು ತಾನಾಗಿ ಫ್ಲ್ಯಾಶ್ ಬೆಳಗಿಸುತ್ತದೆಂಬುದು ಮರೆತೇಹೋಗಿತ್ತು.

ಬೆಳ್ಳಗೆ ಒಂದು ಮಿಂಚು.

ಕುರಾತಾ ಬೈಯಲಿಲ್ಲ. "ಕಣ್ಣಿಗೆ ಹಸಿರು ಕಟ್ಟಿತು" ಅಂದ. "ನನಗೇನೂ ಕಾಣ್ತಿಲ್ಲ. ಇಬುಕಾ ಸಾನ್, ಬಣ್ಣ ಹೇಳಿ."

ಅಲಗು ಇಬುಕಾನಿಗೆ ಕಾಣುತ್ತಿತ್ತು, ಕೆಂಪಗೆ. ಯಾವ ಕೆಂಪು ಸರಿ, ಯಾವುದು ತಪ್ಪು, ಅದು ಗೊತ್ತಿರಲಿಲ್ಲ. ಕಾದ ಉಕ್ಕು ಯಾರಿಗೂ ಕಾಯುವುದಿಲ್ಲ. ಕುರಾತಾ ಕೈ ಅಂದಾಜಿನಲ್ಲೇ ಇಳಿಸಿದ.

ಚೊಂಯ್...

ಆಮೇಲೆ ನೀರಿನೊಳಗೆ, ಉಗುರಿಗೆ ಉಗುರು ತಾಗಿದಷ್ಟೇ ಸಣ್ಣಗೆ... ಟಿಕ್.

ಬಿರುಕು.

"ಹೋಗ್ಲಿ ಬಿಡಿ" ಅಂದ ಕುರಾತಾ. ಬಿರುಕು ಬಿಟ್ಟ ಅಲಗಿಗೆ ಕಮ್ಮಾರ ತನ್ನ ಹೆಸರು ಕೊರೆಯುವುದಿಲ್ಲ. ಅದೇ ರಾತ್ರಿ ಮುರಿದು ಗುಜರಿಗೆ ಎಸೆಯುತ್ತಾನೆ. ಇದನ್ನು ಮಾತ್ರ ಗೋಡೆಗೆ ಒರಗಿಸಿಟ್ಟ. ಹದಿನೈದು ದಿನದಲ್ಲಿ ತೀರಿಕೊಂಡ, ನಿದ್ದೆಯಲ್ಲೇ.

ಬಾವಿಯ ಹತ್ತಿರ ಆ ಸದ್ದು ಕೇಳಿದ ರಾತ್ರಿ ಇಬುಕಾ ಓಡಿ ಮನೆ ಸೇರಿದ. ಮರುದಿನ ಕುರಾತಾನ ಹೆಂಡತಿ ತೊಮೆಯ ಹತ್ತಿರ ಹೋಗಿ ಎಲ್ಲ ಹೇಳಿದ, ಫೋಟೋದ ವಿಷಯವನ್ನೂ ಸೇರಿಸಿ.

"ನಿಮ್ಮನ್ನ ಕರೆದ್ರಾ?" ಅಂದಳು ತೊಮೆ. "ನಲವತ್ತು ವರ್ಷ ಅನ್ನ ಬೇಯಿಸಿ ಹಾಕಿದವಳು ನಾನು. ನನ್ನನ್ನ ಕರೀಲಿಲ್ಲ ನೋಡಿ."

"ಬಣ್ಣ ಯಾವುದು ಅಂತ ನಿಮಗೆ ಯಾವತ್ತಾದ್ರೂ ಹೇಳಿದ್ರಾಮ್ಮ?"

"ಕಾಕಿ ಹಣ್ಣಿನ ಬಣ್ಣ ಅಂತಿದ್ರು." ಕಾಕಿ ಮರದಲ್ಲಿದ್ದಾಗ ಕಿತ್ತಳೆ ಬಣ್ಣ, ಸಿಪ್ಪೆ ತೆಗೆದು ಒಣಗಿಸಿದರೆ ಕಪ್ಪುಗೆಂಪು. " ಯಾವ ಕಾಕಿ, ಮರದಲ್ಲಿರೋದೋ ಸೂರಿಗೆ ಒಣಗೋಕೆ ಹಾಕಿದ್ದೋ ಅಂತ ಕೇಳಿದ್ರೆ ನಗ್ತಿದ್ರು." ಕುಲುಮೆಯ ಕೀಲಿ ಕೊಟ್ಟಳು. "ಹೇಗಾದ್ರೂ ಹೇಳ್ಬಿಡಿ, ಇಬುಕಾ ಸಾನ್. ಅವರ ಕೆಲಸ ಮುಗೀಲಿ. ಮಲಗಲಿ ಆ ಮನುಷ್ಯ."

ಗೋಡೆಗೊರಗಿದ ಅಲಗನ್ನು ಇಬುಕಾ ಹಗಲಲ್ಲಿ ನೋಡಿದ. ಬಿರುಕು ಒಂದೇ. ಕೂದಲೆಳೆಯಷ್ಟು, ತುದಿಯಿಂದ ಒಂದು ಗೇಣು ಕೆಳಗೆ.

ಮುಂದಿನ ಶನಿವಾರ ಬೀಗ ತೆಗೆದು ಒಳಗೆ ಹೋದ. ಬೆಂಕಿ ಇತ್ತು, ಶಾಖ ಇರಲಿಲ್ಲ. ಬೆಂಕಿಯ ಆಚೆ ಒಂದು ಬೆನ್ನು ಬಾಗಿತ್ತು. ಮುಖ ಈಚೆ ತಿರುಗಲಿಲ್ಲ.

"ಬಣ್ಣ ಹೇಳಿ."

ಇಬುಕಾ ನೋಡಿದ. ಕೆಂಪು ತಿಳಿಯಾಗುತ್ತಾ ಬಂತು. "ಈಗ" ಅಂದ.

ಚೊಂಯ್... ಟಿಕ್.

ಕತ್ತಲು. ಬೆಂಕಿಯಿದ್ದಲ್ಲಿ ಹಳೆಯ ಬೂದಿ.

ಅದರ ಮುಂದಿನ ವಾರ ಇನ್ನೂ ಹೊತ್ತು ಕಾದ. ಟಿಕ್. ಆಮೇಲಿನ ವಾರ ಬೇಗ ಹೇಳಿದ. ಟಿಕ್. ಒಂದು ಶನಿವಾರ ಹೆದರಿ ಆಚೆ ದಾರಿಯಿಂದ ಸುತ್ತು ಹಾಕಿ ಮನೆಗೆ ಹೋದ. ಆ ರಾತ್ರಿ ತಿದಿ ನಿಲ್ಲಲೇ ಇಲ್ಲ. ದಿಂಬಿಗೆ ಕಿವಿಯಿಟ್ಟರೂ ಗಸ್... ಪಸ್... ಬೆಳಕು ಹರಿಯುವ ತನಕ. ಅಂದಿನಿಂದ ತಪ್ಪಿಸಲಿಲ್ಲ.

ಜನವರಿಯಲ್ಲಿ ಶೂಜಿಯನ್ನು ಕರೆಸಿದ. ಕುರಾತಾನ ಕೈಕೆಳಗೆ ಹತ್ತು ವರ್ಷ ಕಲಿತವನು. ಬಣ್ಣ ಬಲ್ಲವನು ಅವನೊಬ್ಬನೇ.

"ಇಬುಕಾ ಸಾನ್, ನಿಮ್ಮ ತಲೇನೇ ಒಂದ್ಸಲ ಎಕ್ಸ್‌ರೇ ತೆಗೆಸ್ಕೊಳ್ಳಿ" ಎಂದು ನಗುತ್ತಲೇ ಬಂದ. ಕುಲುಮೆಯ ಹೊಸ್ತಿಲು ದಾಟುವಾಗ ಮಾತ್ರ ತಲೆಬಾಗಿದ, ಹಳೆಯ ಅಭ್ಯಾಸ.

ಇಬ್ಬರೂ ಕತ್ತಲಲ್ಲಿ ನಿಂತರು.

ಗಸ್... ಪಸ್...

"ಕೇಳ್ತಿದೆಯಾ?" ಇಬುಕಾ ಪಿಸುಗುಟ್ಟಿದ.

"ಏನು?"

"ತಿದಿ."

"ಇಲ್ಲ."

"ಬೆಂಕಿ ಕಾಣುತ್ತಾ?"

"ಕತ್ತಲು ಬಿಟ್ರೆ ಏನೂ ಇಲ್ಲ, ಇಬುಕಾ ಸಾನ್." ಶೂಜಿಯ ದನಿಯಲ್ಲಿ ನಗು ಹೋಗಿತ್ತು.

ಇಬುಕಾನಿಗೆ ಬೆಂಕಿಯ ಆಚೆಯ ದನಿ ಕೇಳಿತು. ಈ ಸಲ ಇನ್ನಷ್ಟು ಸೋತಿತ್ತು. "ಬಣ್ಣ ಹೇಳಿ..."

"ಕೇಳ್ತಿದ್ದಾರೆ!" ಇಬುಕಾ ಶೂಜಿಯ ತೋಳು ಹಿಡಿದ. "ಬೇಗ ಹೇಳು. ಈಗ ಕೆಂಪು... ಕುಂಕುಮಕ್ಕಿಂತ ತಿಳಿ... ಅಂಚಿನಲ್ಲಿ ಕಿತ್ತಳೆ..."

"ಎಷ್ಟು ಕಿತ್ತಳೆ?"

"ಕಾಕಿ ಹಣ್ಣಿನಷ್ಟು!"

"ಯಾವ ಕಾಕಿ?" ಶೂಜಿಗೆ ಅಳು ಬಂದುಬಿಟ್ಟಿತ್ತು. "ಬಾಯಿಮಾತಲ್ಲಿ ಹೇಳಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ನನಗೂ ಅವ್ರು ಬಾಯಲ್ಲಿ ಹೇಳ್ಕೊಟ್ಟಿಲ್ಲ. ನೋಡು ಅಂದ್ರು, ನೋಡಿದೆ. ಅಷ್ಟೇ."

ಕಿತ್ತಳೆ ಹಳದಿಗೆ ತಿರುಗತೊಡಗಿತು.

"ಈಗಲಾ? ಶೂಜಿ, ಈಗಲಾ?"

"ನನಗೆ ಕಾಣ್ತಿಲ್ಲ..."

ಚೊಂಯ್...

ಟಿಕ್.

ಶೂಜಿಗೆ ಅದೂ ಕೇಳಿಸಲಿಲ್ಲ. ಒಣಗಿದ ತೊಟ್ಟಿಯ ಅಂಚಿಗೆ ಕೈ ಊರಿ ನಿಂತಿದ್ದ. ಹೊರಗೆ ಬಂದ ಮೇಲೆ ನೋಡಿಕೊಂಡ, ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ನೀರು ಬೆಚ್ಚಗಿತ್ತು. ಅವನು ಆ ರಾತ್ರಿ ನಮ್ಮ ಮನೆಯಲ್ಲಿ ಮಲಗಿದ. ಅಂಗಿ ಒಣಗಲು ಹಾಕಿದ್ದು ನಾನೇ.

ಬೆಳಿಗ್ಗೆ ನಾನು ಕೇಳಿದೆ. "ಆ ಅಲಗನ್ನ ಮುರಿದು ಹಾಕಿದ್ರೆ ಆಗಲ್ವೇನಪ್ಪಾ?"

"ಮಾಡಿದವರೇ ಮುರೀಬೇಕು, ಅಜ್ಜಿ" ಅಂದ. "ನಾವು ಮುಟ್ಟೋ ಹಾಗಿಲ್ಲ." ಮೊದಲ ಬಸ್ಸಿಗೆ ಹೋದವನು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಇಬುಕಾ ತನ್ನ ಐದು ಕತ್ತಿಗಳನ್ನು ಪೆಟ್ಟಿಗೆಯಿಂದ ತೆಗೆಯುವುದನ್ನೇ ಬಿಟ್ಟಿದ್ದಾನೆ. ಕಾಕಿ ಹಣ್ಣಿನ ಕಾಲದಲ್ಲಿ ಮಾತ್ರ ನಮ್ಮ ಸೂರಿನ ಕೆಳಗೆ ಬಂದು ನಿಲ್ಲುತ್ತಾನೆ. ಒಣಗಲು ಕಟ್ಟಿದ ಹಣ್ಣುಗಳನ್ನು ಒಂದೊಂದಾಗಿ ನೋಡುತ್ತಾನೆ. ಚಹಾ ಕೊಟ್ಟರೆ ಆರಿಹೋಗುತ್ತದೆ.

ನೀವು ನಂಬುವುದಿಲ್ಲ, ಗೊತ್ತು. ನಾನೂ ನಂಬಿರಲಿಲ್ಲ. ಶೂಜಿ ಹೋದ ದಿನವೇ ತೊಮೆಯ ಜೊತೆ ಹೋಗಿ, ಹಾಡಹಗಲಲ್ಲಿ, ಕನ್ನಡಕ ಹಾಕಿಕೊಂಡು ಆ ಅಲಗನ್ನು ನೋಡಿದೆ. ಬಿರುಕುಗಳು ಒಂದರ ಕೆಳಗೊಂದು, ಒಂದೊಂದು ಅಕ್ಕಿಕಾಳಿನಷ್ಟು ಅಂತರಕ್ಕೆ. ಎಣಿಸಿದೆ. ಒಂಬತ್ತು.

ಹೋದ ಭಾನುವಾರ ಎಣಿಸಿದಾಗ ಐವತ್ತೆರಡು.

ಇವತ್ತು ಶನಿವಾರ. ಇಬುಕಾನ ಮನೆಯಲ್ಲಿ ಇನ್ನೂ ದೀಪ ಹತ್ತಿಲ್ಲ.