ರಾಹೇಲವ್ವ ಅಯ್ಯಗೋಳನ್ನು ಹುಡುಕಿಕೊಂಡು ಹೋದ ಬಗ್ಗೆ

ನಾನು ಪ್ರಜ್ಞಾ ಕೋಂ ಇಮಾನುವೇಲ ದೊಡ್ಡಮನಿ, ವಯಸ್ಸು 23, ಉದ್ಯೋಗ ಮನೆಗೆಲಸ, ಸಾಕಿನ್ ಬಸವನ ಬಾಗೇವಾಡಿ. ಈ ದಿವಸ ಸಂಜೆ 6-30ಕ್ಕೆ ಠಾಣೆಗೆ ಬಂದು ತಿಳಿಸುವುದೇನೆಂದರೆ:

ನನ್ನ ಮದುವೆಯಾಗಿ ಹತ್ತೊಂಬತ್ತು ದಿನಗಳಾಗಿವೆ. ಗಂಡ ಆಲಮಟ್ಟಿಯಲ್ಲಿ ನೌಕರರು, ಬಹಳ ಬಹಳ ಒಳ್ಳೆಯವರು. ಮನೆಯಲ್ಲಿ ಅವರ ಅಜ್ಜಿ ರಾಹೇಲವ್ವ, 81 ವರ್ಷ, ಇದ್ದಾರೆ. ಅವರಂಥ ಅಜ್ಜಿ ಯಾರಿಗೂ ಇಲ್ಲ. ನಾಳೆ ಬೆಳಿಗ್ಗೆ 9ಕ್ಕೆ ವಿಜಯಪುರದಲ್ಲಿ ಅವರಿಗೆ ಹೃದಯದ ಆಪರೇಷನ್ ಇದೆ, ಇಂದು ರಾತ್ರಿಯೇ ದಾಖಲಾಗಬೇಕು.

ಇಂದು 9-15ಕ್ಕೆ ಅಜ್ಜಿ, ಆಪರೇಷನ್ನಿಗೆ ಮೊದಲು ಯೇಸುವಿನ ಕಡೆಯ ಊಟದ ನೆನಪಿಗೆ ಕೊಡುವ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು, “ನಮ್ಮ ಅಯ್ಯಗೋಳನ್ನ ಕರಸವಾ” ಎಂದರು. ಗಂಡನ ಮನೆಯವರು ಪ್ರೊಟೆಸ್ಟೆಂಟ್, ನನ್ನ ತವರು ಕ್ಯಾಥೊಲಿಕ್. ನಾವು ಪಾದ್ರಿಗಳನ್ನು ಫಾದರ್ ಎನ್ನುತ್ತೇವೆ. ಅಯ್ಯಗೋಳು ಯಾರೆಂದು ಕೇಳದೆ, ಕರೆತರಲು ಆಟೋದ ಭೀಮುಗೆ ಹೇಳಿದೆ. 10-40ಕ್ಕೆ ಅವನು ಮಠದ ಸಿದ್ದಾರೂಢಯ್ಯನವರನ್ನು ಕರೆತಂದನು. ಅವರು ಚಹಾ ಕುಡಿದು, ತಾವು ಪೂಜೆಯ ಅಯ್ಯ, ನಿಮಗೆ ಬೇಕಾದವರು ಪ್ರಾರ್ಥನೆಯ ಅಯ್ಯ ಎಂದು ಹೇಳಿ ಹೋದರು. ಅಜ್ಜಿ “ಇಂಗ್ಲಿಷ್ ಸಾಲಿ ಕಲ್ತು ಛಲೋ ಅಯ್ಯಗೋಳನ್ನ ತಂದಿ ಬಿಡವಾ” ಎಂದು ನಕ್ಕರು.

ಅಜ್ಜಿಯ ಅಯ್ಯಗೋಳು ಎಂದರೆ ಪಾಸ್ಟರ್. ಅವರಿಗೆ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ನಾಲ್ಕೂ ಕಡೆ ಚರ್ಚಿನ ಸಭೆಗಳಿವೆ. ಅವರ ಫೋನ್ ಬಂದ್ ಆಗಿತ್ತು. 11-20ಕ್ಕೆ ಮೆಸೇಜ್ ಕಳಿಸಿ, ತವರಿನ ಫಾದರ್ ಅವರನ್ನೂ ಕರೆದೆ. ಅವರು 2-15ಕ್ಕೆ ಬಂದರು. ಅಜ್ಜಿ ಫಾದರ್ ಅವರ ಹೆಂಡತಿ ಮಕ್ಕಳ ಬಗ್ಗೆ ವಿಚಾರಿಸಿದರು. ತಮಗೆ ಮದುವೆ ಇಲ್ಲ ಎಂದು ಫಾದರ್ ಹೇಳಿದಾಗ “ಯವ್ವಾ, ನಿಮಗ ರೊಟ್ಟಿ ಯಾರ ಬಡೀತಾರ್ರೀ?” ಎಂದರು. ಫಾದರ್ ಪ್ರಾರ್ಥಿಸಿದರು. ಆದರೆ ಬೇರೆ ಸಭೆಯವರಿಗೆ ಪರಮಪ್ರಸಾದ, ಅಂದರೆ ಆ ರೊಟ್ಟಿ, ಕೊಡುವಂತಿಲ್ಲ ಎಂದರು. ಅಜ್ಜಿ ಆಮೇಲೆ ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು.

2-50ಕ್ಕೆ ಪಾಸ್ಟರರ ಉತ್ತರ ಬಂತು, ಸಿಂದಗಿಯಲ್ಲಿ ಬಸ್ಸು ಹತ್ತಿದ್ದೇನೆ ಎಂದು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಜ್ಜಿಗೆ ಹೇಳಲಿಲ್ಲ. ಬಾಗಿಲಲ್ಲಿ ಅವರನ್ನು ಕಂಡಾಗ ಅಜ್ಜಿಯ ಮುಖ ನೋಡಬೇಕೆಂಬ ಆಸೆ ಇತ್ತು.

3-30ಕ್ಕೆ ಫಾದರ್ ಅವರನ್ನು ಕಳಿಸಲು 200 ಮೀಟರ್ ದೂರದ ರಸ್ತೆಗೆ ಹೋಗಿ, ಹೂವು ಕೊಂಡು 3-55ಕ್ಕೆ ಬಂದೆ. ಮಂಚ ಖಾಲಿ ಇತ್ತು. ಬಿಳಿ ಸೀರೆ, ಕೀರ್ತನೆ ಪುಸ್ತಕ ಇರಲಿಲ್ಲ. ಗುಳಿಗೆಯ ಡಬ್ಬಿ ಅಲ್ಲೇ ಇತ್ತು. ಅಜ್ಜಿ “ಅಯ್ಯಗೋಳ ಬರೂದಿಲ್ಲಂದ್ರ ನಾನ ಹೋಗ್ತೇನಿ” ಎನ್ನುತ್ತ ಬಸ್ ನಿಲ್ದಾಣದ ಕಡೆ ನಡೆದರೆಂದು ಪಕ್ಕದ ಮನೆಯ ಅಬಿದಾ ತಿಳಿಸಿದರು. ನಾನು 4-20ಕ್ಕೆ ಅಲ್ಲಿ ತಲುಪಿದೆ. ಅಷ್ಟರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಸ್ಸುಗಳು ಮೂರೂ ಹೋಗಿದ್ದವು. ಯಾವುದನ್ನು ಹತ್ತಿದರೆಂದು ಕಂಡವರಿಲ್ಲ. ಅಜ್ಜಿಗೆ ಬಸ್ಸಿನ ಫಲಕದ ಅಕ್ಷರ ಕಾಣುವುದಿಲ್ಲ.

5-05ಕ್ಕೆ ಪಾಸ್ಟರ್ ಮನೆಗೆ ಬಂದರು. ಚೀಲದಲ್ಲಿ ರೊಟ್ಟಿ, ರಸ ತಂದಿದ್ದಾರೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತೇ ಇದ್ದಾರೆ. ನಾನು ಠಾಣೆಗೆ ಹೊರಟಾಗ, ತಾವು ಬರುವುದು ಅಜ್ಜಿಗೆ ಗೊತ್ತಿತ್ತೇ ಎಂದು ಕೇಳಿದರು. ಅಲ್ಲಿ ನಾನು ಉತ್ತರ ಕೊಡಲಿಲ್ಲ. ಇಲ್ಲಿ ಬರೆಯಿಸುತ್ತಿದ್ದೇನೆ: ಗೊತ್ತಿರಲಿಲ್ಲ.

ಅಜ್ಜಿಯನ್ನು ಹುಡುಕಿಕೊಡಬೇಕು. ನಾನು ಹೇಳಿದಂತೆಯೇ ಬರೆದಿದ್ದಾರೆ, ಓದಿ ನೋಡಿದ್ದೇನೆ, ಎಲ್ಲವೂ ನಿಜ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: 14-11-2024
ಸಹಿ: ಪ್ರಜ್ಞಾ ಇ. ದೊಡ್ಡಮನಿ