ಅಲುಗದ ಚುಕ್ಕಿ

ಮೂಳೆ ಡಾಕ್ಟರ ಕೋಣೆಯ ಹೊರಗೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಕಾಡಿನ ಕಾವಲುಗಾರರೊಬ್ಬರು ನನ್ನ ಪಕ್ಕ ಕೂತಿದ್ದರು. ಹೆಂಗಸೊಬ್ಬಳು ಅವರನ್ನು ಹುಡುಕಿಕೊಂಡು ಬಂದಳು.

“ಅಣ್ಣಾ, ನಾನು ಕಂಟ್ರೋಲ್ ರೂಮಿನವಳು. ನಿಮ್ಮ ಜಿಪಿಎಸ್ ನೋಡ್ತಿದ್ದವಳು.”

“ಓ, ನೀನೇನಮ್ಮಾ! ಇಷ್ಟು ದಿನ ಬರೀ ಧ್ವನಿ ಕೇಳಿದ್ದೆ. ನಾನು ಕೊರಕಲಿಗೆ ಬಿದ್ದಿದ್ದು ಹೇಗೆ ಗೊತ್ತಾಯ್ತು? ವಾಕಿಟಾಕಿ ಒಡೆದೇ ಹೋಗಿತ್ತು.”

“ಪರದೆ ಮೇಲೆ ನಿಮ್ಮ ಚುಕ್ಕಿ ಅಲುಗಾಡ್ಲೇ ಇಲ್ಲ. ಊಟಕ್ಕೂ ಅಷ್ಟು ಹೊತ್ತು ಕೂರೋರಲ್ಲ ನೀವು. ಜೀವ ಬಾಯಿಗೆ ಬಂತು. ತಕ್ಷಣ ಜನ ಕಳಿಸ್ದೆ.”

“ನಾನು ಕೂರೋದು, ಏಳೋದು ಒಬ್ರಿಗಾದ್ರೂ ಗೊತ್ತಿತ್ತು ಅನ್ನು.”

“ದಿನವಿಡೀ ಅದೇ ನೋಡ್ತಿದ್ದೆ. ಆ ರೂಮಲ್ಲಿ ನಾನೂ ಒಬ್ಬಳೇ ಅಲ್ವಾ.”

“ಇನ್ಮೇಲೆ ನಾನು ಕಾಡಿಗೆ ಹೋಗೋ ಹಾಗಿಲ್ವಂತೆ. ಜಿಪಿಎಸ್ ವಾಪಸ್ ತಗೊಂಡ್ರು.”

“ಮನೇಲಿ ನೋಡ್ಕೊಳ್ಳೋಕೆ ಯಾರಿದ್ದಾರೆ?”

“ಬೀಗ ಇದೆಯಲ್ಲಮ್ಮಾ,” ಎಂದು ಅವರು ನಕ್ಕರು.

ಅವಳು ನಗಲಿಲ್ಲ.

“ದಿನಾ ಸಂಜೆ ನಂಗೊಂದು ಫೋನ್ ಮಾಡಿ ಅಣ್ಣಾ. ಎಲ್ಲಿದ್ದೀರಿ ಅಂತ ಹೇಳೋಕೆ.”

“ಇನ್ನೆಲ್ಲಿರ್ತೀನಿ? ಮನೇಲೇ.”

“ಅದನ್ನೇ ಹೇಳಿ.”

ಅಷ್ಟರಲ್ಲಿ ನರ್ಸ್ ಕರೆದಳು. ಅವರು ಅವಳ ಭುಜ ಹಿಡಿದು ಎದ್ದರು. ಇಬ್ಬರೂ ನಿಧಾನವಾಗಿ ಒಳಗೆ ಹೋದರು.